ಜರ್ಮನಿಯಲ್ಲಿ ಬೈಕ್‌ಗೆ ಹೊಸ ಹ್ಯಾಂಡಲ್, ಫೇರಿಂಗ್: ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಟೂರಿಂಗ್ ಬೈಕ್ ಕೊಂಡವರಿಗೆ ಮೊದಲ ಲಾಂಗ್ ರೈಡ್‌ನಲ್ಲೇ ಎರಡು ತಕರಾರು ಶುರುವಾಗುತ್ತವೆ. ಹ್ಯಾಂಡಲ್ ದೂರವಾಗಿ ಬೆನ್ನು ಹಿಡಿದುಕೊಳ್ಳುತ್ತದೆ. ಆಟೋಬಾನ್‌ನಲ್ಲಿ 130 ದಾಟಿದರೆ ಗಾಳಿ ನೇರ ಹೆಲ್ಮೆಟ್‌ಗೆ ಬಡಿಯುತ್ತದೆ. ಸ್ವಲ್ಪ ಎತ್ತರದ ಹ್ಯಾಂಡಲ್, ದೊಡ್ಡ ವಿಂಡ್‌ಸ್ಕ್ರೀನ್ ಅಥವಾ ಫೇರಿಂಗ್ (ಗಾಳಿ ತಡೆಯುವ ಮುಂಭಾಗದ ಹೊದಿಕೆ) ಹಾಕಿದರೆ ಎರಡಕ್ಕೂ ಪರಿಹಾರ. ಕೈಗೆ ಕೆಲಸ ಗೊತ್ತಿದ್ದರೆ ಒಂದು ಶನಿವಾರ ಸಾಕು. ತಲೆ ತಿನ್ನುವುದು ಇಲ್ಲಿನ ಕಾಗದಪತ್ರ.

ಇಲ್ಲಿ ರಸ್ತೆಗೆ ಇಳಿಯುವ ಪ್ರತಿ ಬೈಕ್‌ಗೂ ಬೆಟ್ರೀಬ್ಸ್‌ಎರ್‌ಲೌಬ್ನಿಸ್ ಎಂಬ ಅನುಮತಿ ಇರುತ್ತದೆ. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಓಡಿಸಲು ಸಿಕ್ಕ ಒಪ್ಪಿಗೆ ಅದು. ಯಾರಿಗಾದರೂ ಅಪಾಯ ತರಬಹುದಾದ ಬದಲಾವಣೆ ಮಾಡಿದರೆ ಆ ಅನುಮತಿ ತಾನಾಗಿಯೇ ಬಿದ್ದುಹೋಗುತ್ತದೆ. ಯಾರೂ ನೋಟಿಸ್ ಕಳಿಸುವುದಿಲ್ಲ. ವಾಹನ ನಿಯಮಾವಳಿಯ 19ನೇ ಕಲಂ ಹೇಳುವುದು ಇದನ್ನೇ. ಹ್ಯಾಂಡಲ್ ಎಂದರೆ ಸ್ಟೀರಿಂಗ್, ಹಾಗಾಗಿ ಅದರ ವಿಷಯದಲ್ಲಿ ಯಾರೂ ಸಡಿಲ ಬಿಡುವುದಿಲ್ಲ.

ಅನುಮತಿ ಉಳಿಸಿಕೊಳ್ಳಲು ದಾರಿಗಳಿವೆ. ಎಲ್ಲಕ್ಕಿಂತ ಸುಲಭದ್ದು ಎಬಿಇ ಇರುವ ಪಾರ್ಟ್ ಕೊಳ್ಳುವುದು. ಜರ್ಮನ್ನರ ಬಾಯಲ್ಲಿ ಅದು ಆ-ಬೇ-ಏ. ಫ್ಲೆನ್ಸ್‌ಬುರ್ಗ್‌ನಲ್ಲಿರುವ ಫೆಡರಲ್ ಮೋಟಾರು ಸಾರಿಗೆ ಕಚೇರಿ ಪಾರ್ಟ್ ತಯಾರಕರಿಗೆ ಕೊಡುವ ಒಪ್ಪಿಗೆ ಇದು. ಪಾರ್ಟ್ ಮೇಲೆ ಆ ಕಚೇರಿಯ, ಅಂದರೆ ಕೆಬಿಎಯ, ನಂಬರ್ ಅಚ್ಚೊತ್ತಿರುತ್ತದೆ. ಎಲ್ಲ ಷರತ್ತೂ ಕೂಡಿಬಂದರೆ ಹಾಕಿಕೊಂಡು, ಕಾಗದ ಜೊತೆಗಿಟ್ಟುಕೊಂಡು ಹೊರಡಬಹುದು. ಎರಡನೆಯದು ಟೈಲೆಗುಟಾಖ್ಟೆನ್, ಅಂದರೆ ಪಾರ್ಟ್‌ನ ತಪಾಸಣಾ ವರದಿ. ಇದಿದ್ದರೆ ಪಾರ್ಟ್ ಕೂರಿಸಿದ ತಕ್ಷಣ ಟ್ಯೂಫ್, ಡೆಕ್ರಾ, ಗೇಟೆಊ, ಕ್ಯೂಸ್ ಎಂಬ ತಪಾಸಣಾ ಸಂಸ್ಥೆಗಳಲ್ಲಿ ಎಲ್ಲಾದರೂ ಹೋಗಿ ತೋರಿಸಿ ದೃಢೀಕರಣ ಪತ್ರ ಪಡೆಯಬೇಕು. ಎರಡೂ ಇಲ್ಲದಿದ್ದರೆ ಉಳಿಯುವುದು 21ನೇ ಕಲಂನಂತೆ ಆ ಒಂದು ಬೈಕ್‌ಗೆಂದೇ ಮಾಡುವ ಒಂಟಿ ತಪಾಸಣೆ. ಅಲ್ಲಿ ಲೋಹದ ಗಟ್ಟಿತನಕ್ಕೂ ದಾಖಲೆ ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಮೂವತ್ತು ಯೂರೋಗೆ ಸಿಗುವ ಹೆಸರಿಲ್ಲದ ಹ್ಯಾಂಡಲ್ ಇಲ್ಲಿಗೆ ಬಂದರೆ ಅಗ್ಗ ಅನ್ನಿಸುವುದೇ ಇಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಕಾಗದವಿಲ್ಲದ ಪಾರ್ಟ್‌ಗಳ ಕಡೆ ನೋಡುವುದೇ ಬೇಡ.

ಎಬಿಇ ಇದೆ ಎಂದು ಅಂಗಡಿಯವರು ಹೇಳಿದ ಮಾತ್ರಕ್ಕೆ ನಂಬಬೇಡಿ. ಕೊಳ್ಳುವ ಮುಂಚೆಯೇ ಪಿಡಿಎಫ್ ತರಿಸಿಕೊಳ್ಳಿ. ಮೊದಲು ವಾಹನಗಳ ಪಟ್ಟಿ ನೋಡಿ. ನಿಮ್ಮ ಬೈಕಿನ ಮಾರಾಟದ ಹೆಸರಲ್ಲ, ಟೈಪ್ ಕೋಡ್ ಅಲ್ಲಿರಬೇಕು. ಆ ಕೋಡ್ ನಿಮ್ಮ ಫಾರ್‌ತ್ಸೊಯ್ಗ್‌ಶೈನ್‌ನಲ್ಲಿ, ಅಂದರೆ ನೋಂದಣಿ ಪತ್ರದ ಮೊದಲ ಭಾಗದಲ್ಲಿ, ಇರುತ್ತದೆ. ಆಮೇಲೆ 'ಔಫ್‌ಲಾಗೆನ್' ಎಂಬ ಷರತ್ತುಗಳ ಪುಟ. ನಿಜವಾದ ಆಟ ಇರುವುದು ಅಲ್ಲೇ. ಉದ್ದದ ಬ್ರೇಕ್ ಹೋಸ್ ಬೇಕು ಎಂದೋ, ಬೇರೆ ಪಾರ್ಟ್ ಬದಲಾಗಿದ್ದರೆ ತಪಾಸಣೆ ಕಡ್ಡಾಯ ಎಂದೋ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ತುಂಬಾ ಜನ ಸಿಕ್ಕಿಬೀಳುವುದು ಇಲ್ಲಿ. ಹ್ಯಾಂಡಲ್‌ಗೂ ಎಬಿಇ ಇದೆ, ಸ್ಕ್ರೀನ್‌ಗೂ ಇದೆ, ಇನ್ನೇನು ಬೇಕು ಅಂದುಕೊಳ್ಳುತ್ತಾರೆ. ಆದರೆ ಎರಡೂ ಒಪ್ಪಿಗೆ ಸಿಕ್ಕಿದ್ದು ಉಳಿದದ್ದೆಲ್ಲ ಒರಿಜಿನಲ್ ಇರುವ ಬೈಕ್‌ಗೆ. ಹೊಸ ಹ್ಯಾಂಡಲ್ ತಿರುಗಿಸಿದಾಗ ಹೊಸ ಸ್ಕ್ರೀನ್‌ಗೆ ತಾಗಬಹುದು. ಒಂದಕ್ಕೊಂದು ಸಂಬಂಧ ಇರುವ ಎರಡು ಪಾರ್ಟ್ ಹಾಕಿದರೆ ಜೋಡಿಯಾಗಿ ತಪಾಸಣೆ ಮಾಡಿಸಿ. ಎಲ್ಲ ಬದಲಾವಣೆಯನ್ನೂ ಒಟ್ಟಿಗೇ ಮುಗಿಸಿ ಒಂದೇ ಸಲ ತೋರಿಸಿದರೆ ದುಡ್ಡೂ ಉಳಿಯುತ್ತದೆ, ರಜೆಯೂ ಉಳಿಯುತ್ತದೆ.

ತಪಾಸಣೆಯಲ್ಲಿ ನಡೆಯುವುದನ್ನು ಗ್ಯಾರೇಜ್‌ನಲ್ಲಿ ನೀವೇ ಮಾಡಿ ನೋಡಬಹುದು. ಎಂಜಿನ್ ಶುರು ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡಲ್ ಎಡತುದಿಯಿಂದ ಬಲತುದಿಗೆ ನಿಧಾನ ತಿರುಗಿಸಿ. ಎಂಜಿನ್ ಸದ್ದು ಏರಿತೇ? ಹಾಗಿದ್ದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ. ಬ್ರೇಕ್ ಹೋಸ್ ಬಿಗಿಯಾಯಿತೇ, ಎಲ್ಲಾದರೂ ಮಡಿಚಿತೇ? ಹ್ಯಾಂಡಲ್ ಪೂರ್ತಿ ತಿರುಗಿದಾಗ ಬೆರಳು ಟ್ಯಾಂಕ್‌ಗೂ ಗ್ರಿಪ್‌ಗೂ ನಡುವೆ ಸಿಕ್ಕಿಕೊಳ್ಳುತ್ತದೆಯೇ? ಇದರಲ್ಲಿ ಒಂದಕ್ಕೆ ಹೌದು ಎಂದರೂ ಟ್ಯೂಫ್ ಎಂಜಿನಿಯರ್ ನಗುನಗುತ್ತಲೇ ವಾಪಸ್ ಕಳಿಸುತ್ತಾರೆ. ಬರೀ ಎರಡು ಮೂರು ಸೆಂಟಿಮೀಟರ್ ಎತ್ತರ ಸಾಕು ಅನ್ನುವವರು ಪೂರ್ತಿ ಹ್ಯಾಂಡಲ್ ಬದಲು ರೈಸರ್ (ಹ್ಯಾಂಡಲ್ ಕೆಳಗೆ ಕೂರಿಸಿ ಅದನ್ನು ಎತ್ತರಿಸುವ ತುಂಡು) ಹಾಕಿದರೆ ಬೆನ್ನಿಗೆ ಅಷ್ಟೇ ಆರಾಮ, ತಲೆನೋವು ಕಡಿಮೆ. ರೈಸರ್‌ಗೂ ಕಾಗದ ಬೇಕು, ಮರೆಯಬೇಡಿ.

ಫೇರಿಂಗ್ ವಿಷಯ ಸ್ವಲ್ಪ ಬೇರೆ. ಸ್ಕ್ರೀನ್‌ನ ಅಂಚಿನಲ್ಲಿ ಅಲೆಯಂಥ ಗೆರೆ, ಪಕ್ಕದಲ್ಲಿ ಡಿ ಅಕ್ಷರ ಮತ್ತು ನಂಬರ್ ಹುಡುಕಿ. ಅದು ಜರ್ಮನ್ ಒಪ್ಪಿಗೆಯ ಗುರುತು. ಇಂಡಿಕೇಟರ್, ಕನ್ನಡಿ, ಹೆಡ್‌ಲೈಟ್ ಮೇಲೆ ವೃತ್ತದೊಳಗೆ ಇ ಮತ್ತು ದೇಶದ ನಂಬರ್ ಇರುತ್ತದೆ. ಜರ್ಮನಿಗೆ 1, ಇಟಲಿಗೆ 3. ಆ ಇ ಗುರುತು ದೀಪಕ್ಕೆ ಮಾತ್ರ; ದೀಪ ಕೂತಿರುವ ಫೇರಿಂಗ್‌ಗೆ ಅಲ್ಲ. ಅದನ್ನೇ ತೋರಿಸಿ "ಎಲ್ಲ ಲೀಗಲ್" ಎಂದು ಮಾರುವವರು ಇದ್ದಾರೆ, ಹುಷಾರು. ಹೊಸ ಫೇರಿಂಗ್‌ನಿಂದ ಇಂಡಿಕೇಟರ್ ಜಾಗ ಬದಲಾದರೆ ಯುರೋಪಿಯನ್ ನಿಯಮದ ಬೈಕ್‌ಗಳಲ್ಲಿ ಮುಂದಿನ ಎರಡರ ನಡುವೆ ಕನಿಷ್ಠ 240 ಮಿಲಿಮೀಟರ್ ಇರಬೇಕು.

ತಪಾಸಣೆ ಪಾಸಾದರೆ ಸಿಗುವ ಪತ್ರದಲ್ಲೇ ಮುಂದಿನ ದಾರಿ ಬರೆದಿರುತ್ತದೆ. ಕೆಲವು ಬದಲಾವಣೆಗಳನ್ನು ಕೂಡಲೇ ನೋಂದಣಿ ಕಚೇರಿಗೆ ಹೋಗಿ ಫಾರ್‌ತ್ಸೊಯ್ಗ್‌ಶೈನ್‌ನಲ್ಲಿ ಸೇರಿಸಬೇಕು, ಕೆಲವನ್ನು ಮುಂದಿನ ಸಲ ಅಲ್ಲಿಗೆ ಹೋದಾಗ ಸೇರಿಸಿದರೆ ಆಯಿತು. ಅಲ್ಲಿಯವರೆಗೆ ಪತ್ರ ಸೀಟಿನ ಕೆಳಗಿರಲಿ. ಪೊಲೀಸರು ಕೇಳಿದಾಗ ಮೊಬೈಲ್‌ನಲ್ಲಿ ಹುಡುಕುತ್ತಾ ನಿಲ್ಲುವುದು ಯಾಕೆ, ಅಲ್ವಾ? ಅನುಮತಿ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ದಂಡ. ಸುರಕ್ಷತೆಗೆ ಧಕ್ಕೆ ಎಂದಾದರೆ ನಿಮ್ಮ ಹೆಸರಿಗೆ ತಪ್ಪಿನ ಪಾಯಿಂಟ್ ಕೂಡ ಬೀಳುತ್ತದೆ. ಅವು ಎಂಟಾದರೆ ಲೈಸೆನ್ಸ್ ಹೋಗುತ್ತದೆ. ಆ ಪಾಯಿಂಟ್ ಲೆಕ್ಕ ಇಡುವುದೂ ಅದೇ ಫ್ಲೆನ್ಸ್‌ಬುರ್ಗ್ ಕಚೇರಿಯೇ. ಅಪಘಾತವಾದರೆ ಇನ್ಶೂರೆನ್ಸ್ ಜೊತೆ ಜಗಳ ಬೇರೆ. ಹಾಗಾಗಿ ಅವರಿಗೂ ಒಂದು ಇಮೇಲ್ ಹಾಕಿಬಿಡಿ.

ಮಾರ್ಚ್ ಬಂತೆಂದರೆ ವರ್ಷದ ಕೆಲವೇ ತಿಂಗಳು ಓಡಿಸಲು ಬಿಡುವ ಸೀಸನ್ ನಂಬರ್‌ಪ್ಲೇಟ್‌ನವರೆಲ್ಲ ಬೈಕ್ ಹೊರಗೆ ತೆಗೆಯುತ್ತಾರೆ, ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಚಳಿಗಾಲದಲ್ಲೇ ಪಾರ್ಟ್ ಕೂರಿಸಿ, ಮೊದಲೇ ದಿನಾಂಕ ಹಿಡಿಯಿರಿ. ಬೈಕ್‌ನ ಎರಡು ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆ ಹತ್ತಿರವಿದ್ದರೆ ಎರಡನ್ನೂ ಸೇರಿಸಿ ಮಾಡಿಸಬಹುದು. ಬಿಚ್ಚಿದ ಹಳೆಯ ಹ್ಯಾಂಡಲ್, ಹೋಸ್, ಬೋಲ್ಟ್ ಎಲ್ಲವನ್ನೂ ಒಂದು ಡಬ್ಬದಲ್ಲಿ ಇಟ್ಟುಕೊಳ್ಳಿ. ತಪಾಸಣೆಯಲ್ಲಿ ಫೇಲಾದರೆ ಸಂಜೆಯೊಳಗೆ ಹಳೆಯದನ್ನೇ ಹಾಕಿ ಬೈಕ್ ಓಡಿಸಬಹುದು.