ಆತಕೂರಿನ ಕಲ್ಲು ನೋಡೋಕೆ ಅಂತಲೇ ಮ್ಯೂಸಿಯಂಗೆ ಹೋದಾಗ

ಮ್ಯೂಸಿಯಂ ಅಂದರೆ ಒಂದೂ ಬಿಡದೆ ನೋಡಿ ಮುಗಿಸಬೇಕು ಅಂತ ಹೊರಡುವವರೇ ಜಾಸ್ತಿ. ನಾನು ಹಾಗೆ ಹೋಗುವುದಿಲ್ಲ. ಯಾವುದಾದರೂ ಒಂದನ್ನು ಮನೆಯಲ್ಲೇ ಗೊತ್ತುಮಾಡಿಕೊಂಡು, ಅದರ ಬಗ್ಗೆ ಓದಿಕೊಂಡು ಹೋಗುತ್ತೇನೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ನಾನು ಹೋಗಿದ್ದು ಆತಕೂರು ಶಾಸನಕ್ಕಾಗಿಯೇ. ಸಂಗ್ರಹಾಲಯ ಶುರುವಾಗಿದ್ದು 1865ರಲ್ಲಿ, ಈಗಿನ ಕೆಂಪು ಕಟ್ಟಡಕ್ಕೆ ಬಂದಿದ್ದು 1877ರಲ್ಲಿ. ಕಟ್ಟಡದ ವಿಷಯ ಇಷ್ಟು ಸಾಕು.

ಕಲ್ಲಿನ ಕಥೆ ಮೊದಲೇ ಗೊತ್ತಿದ್ದರೆ ನೋಡುವ ರೀತಿಯೇ ಬೇರೆ. 949ರ ಹೊತ್ತಿಗೆ, ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧ ಆಯಿತು. ಕೃಷ್ಣನ ಕಡೆ ಗಂಗರ ಇಮ್ಮಡಿ ಬೂತುಗ ಇದ್ದ, ಚೋಳ ರಾಜಾದಿತ್ಯ ಆ ಯುದ್ಧದಲ್ಲೇ ಸತ್ತ. ಬೂತುಗನ ಜೊತೆಗಿದ್ದ ಮಣಲೆರ ಅನ್ನುವವನ ಶೌರ್ಯಕ್ಕೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು! ಆಮೇಲೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಅದಕ್ಕೇ ಈ ಕಲ್ಲು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ದೇವಸ್ಥಾನದ ಮುಂದೆ ನಿಲ್ಲಿಸಿದ್ದು.

ಸಾಮಾನ್ಯವಾಗಿ ವೀರಗಲ್ಲು ಅಂದರೆ ಕೆಳಗೆ ಕಾಳಗ, ಮಧ್ಯೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಎದುರು ಕೂತ ವೀರ. ಇಲ್ಲಿ ಅದ್ಯಾವುದೂ ಇಲ್ಲ. ನಾಯಿ, ಹಂದಿ, ಅಷ್ಟೇ. ಅಷ್ಟು ದೊಡ್ಡ ಯುದ್ಧ ಅಕ್ಷರದಲ್ಲಿ ಬಂದಿದೆ, ಚಿತ್ರದಲ್ಲಿ ಮಾತ್ರ ನಾಯಿಗೇ ಜಾಗ. ನನಗಂತೂ ಇದು ತುಂಬಾ ಇಷ್ಟವಾಯಿತು.

ಓದುವುದು ಹೇಗೆ ಅಂತೀರಾ? ಹಳಗನ್ನಡ ಲಿಪಿ ಕಲಿತಿರಲೇಬೇಕು ಅಂತೇನಿಲ್ಲ. ಶಾಸನದ ಪಾಠವನ್ನು ಈಗಿನ ಕನ್ನಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಂಡು ಹೋಗಿ. ಬಹಳಷ್ಟು ಶಾಸನಗಳು 'ಸ್ವಸ್ತಿ' ಅಂತಲೇ ಶುರುವಾಗುತ್ತವೆ, ಇದೂ ಹಾಗೆಯೇ. ಮೊದಲು ಅದನ್ನು ಹುಡುಕಿ. ಸಿಕ್ಕಿತು ಅಂದರೆ ಸ, ವ, ತ ಗೊತ್ತಾದ ಹಾಗೆ, ಅಲ್ಲಿಂದ ಮುಂದೆ ಶಕ ವರ್ಷ ಹೇಳುವ ಸಾಲು, ಅದರಲ್ಲಿ ಮತ್ತೆ ಸ, ಮತ್ತೆ ತ, ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಸುಮಾರು ಅಕ್ಷರ ಕೈಗೆ ಹತ್ತುತ್ತವೆ. ಸುಮ್ನೆ ಎದುರಿಗೆ ನಿಂತರೆ ಏನೂ ಕಾಣುವುದಿಲ್ಲ, ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಬೆಳಕು ಬದಿಯಿಂದ ಬಿದ್ದಾಗ ಕೊರೆದ ಗೆರೆಯೊಳಗೆ ನೆರಳು ತುಂಬಿ ಅಕ್ಷರ ಎದ್ದು ಕಾಣುತ್ತದೆ. ಟಾರ್ಚ್ ಹಿಡಿಯಬೇಕು ಅನ್ನಿಸಿದರೆ ಅಲ್ಲಿನವರನ್ನು ಕೇಳಿಯೇ ಹಿಡಿಯಿರಿ. ಕಲ್ಲನ್ನು ಮುಟ್ಟಬೇಡಿ, ಅಕ್ಷರದ ಮೇಲೆ ಸೀಮೆಸುಣ್ಣ ಉಜ್ಜುವುದಂತೂ ಬೇಡವೇ ಬೇಡ.

ಇನ್ನೊಂದು ವಿಷಯ. ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಪಾಪ ತಟ್ಟುತ್ತದೆ ಅಂತ ಅಲ್ಲಿನ ಗೊರವನಿಗೆ, ಅಂದರೆ ಆ ದೇವಸ್ಥಾನ ನೋಡಿಕೊಳ್ಳುವ ಶೈವ ಪೂಜಾರಿಗೆ, ಶಾಸನದಲ್ಲೇ ಎಚ್ಚರಿಕೆ ಇದೆ. ಅದಕ್ಕಾಗಿ ಭೂಮಿಯನ್ನೂ ಬಿಟ್ಟಿದ್ದರು. ನಾಯಿಯ ಕಲ್ಲಿಗೆ ನಿತ್ಯಪೂಜೆ, ನೋಡಿ!

ಬೇಗೂರಿನ ವೀರಗಲ್ಲೂ ಇದೇ ಸಂಗ್ರಹಾಲಯದ್ದು. ಆನೆ, ಕುದುರೆ, ಬಿಲ್ಲು ಹಿಡಿದವರು ಅಂತ ಕಲ್ಲಿನ ತುಂಬಾ ಗದ್ದಲ, ಅದಕ್ಕೇ ಬೇರೆ ದಿನ ಬೇಕು. ಆದರೆ 'ಬೆಂಗಳೂರು' ಅನ್ನುವ ಹೆಸರು ಇರುವ ಸುಮಾರು 890ರ ಶಾಸನ ಇದಲ್ಲ, ಅದು ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲೇ ಇದೆ. ಅಲ್ಲಿಗೂ ಹೋಗುವವರು ಬೆಳಗ್ಗೆಯೇ ಹೊರಡಿ, ದೇವಸ್ಥಾನ ಅಲ್ವಾ, ಮಧ್ಯಾಹ್ನ ಬಾಗಿಲು ಹಾಕಿರಬಹುದು.