ಪ್ರಾಜೆಕ್ಟ್ ಕೊಳ್ಳಬೇಡಿ, ಕೈಯಾರೆ ಕಟ್ಟಿ

ಎಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತಂದರೆ ಅಂಕ ಬರುತ್ತದೆ, ವಿದ್ಯೆ ಬರುವುದಿಲ್ಲ. ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕಂಪನಿಗಳು ಬೇಕಾದಷ್ಟಿವೆ. ಆದರೂ ವಿದ್ಯಾರ್ಥಿಗಳ ಕೈಯಲ್ಲಿರುವ ಇಎಸ್‌ಪಿ32 ಚಿಪ್ (ಕೋಡ್ ತುಂಬಿ ಓಡಿಸುವ ಪುಟ್ಟ ಕಂಪ್ಯೂಟರ್) ಶಾಂಘೈ ಕಂಪನಿಯದು. ಈ ಅಂತರ ತುಂಬಬೇಕಾದವರು ನೀವೇ. ಸಂಪಿನ ನೀರಿನ ಮಟ್ಟ ಅಳೆಯುವುದರಿಂದ ಶುರು ಮಾಡಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಇಎಸ್‌ಪಿ32 ಬೋರ್ಡ್, ಶಬ್ದ ಕಳಿಸಿ ಅದರ ಮರುಧ್ವನಿಯಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್, ಬೆಸುಗೆಯಿಲ್ಲದೆ ಜೋಡಿಸುವ ಬ್ರೆಡ್‌ಬೋರ್ಡ್, ಜಂಪರ್ ವೈರ್, 1 ಮತ್ತು 2 ಕಿಲೋ ಓಮ್ ರೆಸಿಸ್ಟರ್ ತನ್ನಿ. ಮಲ್ಟಿಮೀಟರ್ ಇರಲೇಬೇಕು.

ಎಡವುವುದು ಸೆನ್ಸರಿನ ಎಕೋ ಪಿನ್ನಿನಲ್ಲಿ, ಅಂದರೆ ಮರುಧ್ವನಿಯ ಸುದ್ದಿ ಕೊಡುವ ಪಿನ್ನಿನಲ್ಲಿ. ಸೆನ್ಸರಿಗೆ 5 ವೋಲ್ಟ್ ಕೊಟ್ಟಾಗ ಎಕೋ ಕೂಡ 5 ವೋಲ್ಟ್ ಹೊರಬಿಡುತ್ತದೆ. ಬೋರ್ಡಿನ ಪಿನ್ 3.3 ವೋಲ್ಟಿನದು, ನೇರ ಜೋಡಿಸಿದರೆ ಹಾಳಾಗಬಹುದು. ಎಕೋದಿಂದ 1 ಕಿಲೋ ಓಮ್ ಮೂಲಕ ಬೋರ್ಡಿನ ಪಿನ್ನಿಗೆ, ಅಲ್ಲಿಂದ 2 ಕಿಲೋ ಓಮ್ ಗ್ರೌಂಡಿಗೆ ಹಾಕಿ. ಐದರ ಮೂರನೇ ಎರಡು ಭಾಗ, ಸುಮಾರು 3.3 ವೋಲ್ಟ್, ಉಳಿಯುತ್ತದೆ. ಸೆನ್ಸರ್, ಬೋರ್ಡ್ ಎರಡರ ಗ್ರೌಂಡೂ ಕೂಡಿರಲಿ.

ಶಬ್ದ ಹೊರಡಿಸಲು ಸೆನ್ಸರಿನ ಟ್ರಿಗರ್ ಪಿನ್ನಿಗೆ 10 ಮೈಕ್ರೋಸೆಕೆಂಡ್ ಪಲ್ಸ್ ಕೊಡಿ. ಎಕೋ ಅವಧಿಯನ್ನು, ಅಂದರೆ ಶಬ್ದ ಹೋಗಿ ಬರಲು ಹಿಡಿದ ಸಮಯವನ್ನು, ಮೈಕ್ರೋಸೆಕೆಂಡಿನಲ್ಲಿ ಅಳೆದು 58ರಿಂದ ಭಾಗಿಸಿದರೆ ಸೆಂಟಿಮೀಟರ್ ಸಿಗುತ್ತದೆ. 58 ಎಲ್ಲಿಂದ ಬಂತು? ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಹೋಗಿ ಬರುವ ದಾರಿ ಇಮ್ಮಡಿ. ಇದನ್ನು ಕಾಗದದ ಮೇಲೆ ಬಿಡಿಸುವ ತನಕ ಎಐ ಬರೆದುಕೊಟ್ಟ ಕೋಡ್ ಮುಟ್ಟಬೇಡಿ. ವೈವಾದಲ್ಲೂ ಇಂಟರ್‌ವ್ಯೂನಲ್ಲೂ ಕೇಳುವುದು ಇದನ್ನೇ.

ಬಕೆಟ್ಟಿನಲ್ಲಿ ಸ್ಕೇಲಿಟ್ಟು ತಾಳೆ ನೋಡಿ. ಅಳತೆ ಕುಣಿದರೆ ಶಬ್ದದ ಅಲೆ ಪಕ್ಕದ ಗೋಡೆಗೆ ಬಡಿಯುತ್ತಿರಬಹುದು, ಸೆನ್ಸರನ್ನು ನಡುವಿಗೆ ಸರಿಸಿ. ಈ ಸೆನ್ಸರ್ ತೇವ ತಾಳದು. ಸಂಪಿನಲ್ಲಿ ಕಾಯಂ ಕೂರಿಸಲು ವಾಟರ್‌ಪ್ರೂಫ್ ಜೆಎಸ್‌ಎನ್-ಎಸ್‌ಆರ್04ಟಿ ಬೇಕು. ಅದು ತೀರಾ ಹತ್ತಿರದ್ದನ್ನು ಸರಿಯಾಗಿ ಅಳೆಯದ ಕಾರಣ, ತುಂಬಿದ ನೀರಿಗಿಂತ 30 ಸೆಂ.ಮೀ. ಮೇಲೆ ಕೂರಿಸಿ.