ಸಿಬಿಲ್ ತಪ್ಪಿಗೆ ದಿನಕ್ಕೆ ನೂರು ರೂಪಾಯಿ: ಕೇಳಿ ಪಡೆದ ಬಗೆ

ತೀರಿ ಮುಗಿದಿದ್ದ ಟಿವಿ ಸಾಲವೊಂದು, ಸಾಲದ ಇತಿಹಾಸ ತೋರಿಸುವ ನನ್ನ ಸಿಬಿಲ್ ವರದಿಯಲ್ಲಿ ಬಾಕಿ ಎಂದೇ ಉಳಿದಿತ್ತು. ಸಾಲ ಕೊಟ್ಟ ಕಂಪನಿ ಬಾಕಿ ಏನೂ ಇಲ್ಲ ಎಂಬ ನೋ ಡ್ಯೂಸ್ ಪತ್ರ ಕೊಟ್ಟಿದ್ದರೂ ಅದರ ಲೆಡ್ಜರಿನಲ್ಲಿ ಹಳೆಯ ಇಎಂಐ ಬೌನ್ಸ್ ಶುಲ್ಕ, ಜಿಎಸ್‌ಟಿ ಸೇರಿ 590 ರೂಪಾಯಿ, ಹಾಗೇ ಕೂತಿತ್ತು. ಆ 590ರ ದೆಸೆಯಿಂದ ವರದಿಯ ತಿಂಗಳ ಚೌಕಗಳಲ್ಲಿ ಬಾಕಿ ದಿನಗಳ ಸಂಖ್ಯೆ 30, 60, 90 ಎಂದು ಏರುತ್ತಲೇ ಹೋಗಿತ್ತು. ಇಂಥದ್ದನ್ನು ತಿದ್ದಿಸುವುದು ಒಂದು ಕೆಲಸ, ಅದಕ್ಕೆ ಪರಿಹಾರ ಪಡೆಯುವುದು ಬೇರೆಯೇ ಕೆಲಸ. ಎರಡನೆಯದರಲ್ಲಿ ಸೋಲುವವರು ಹೆಚ್ಚಾಗಿ ತಾರೀಖಿನಲ್ಲಿ ಸೋಲುತ್ತಾರೆ.

ನಿಯಮ ಇಷ್ಟು. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 26ರಂದು ಹೊರಡಿಸಿದ ಸುತ್ತೋಲೆ 2024ರ ಏಪ್ರಿಲ್ 26ರಿಂದ ಜಾರಿಗೆ ಬಂತು. ದೂರು ಕೊಟ್ಟ 30 ದಿನದೊಳಗೆ ಅದು ಇತ್ಯರ್ಥವಾಗದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಕೊಡಬೇಕು. ಇವು ಕ್ಯಾಲೆಂಡರ್ ದಿನಗಳು. ಭಾನುವಾರ, ಹಬ್ಬದ ರಜೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಈ 30ರಲ್ಲಿ ಸಾಲ ಕೊಟ್ಟ ಸಂಸ್ಥೆಗೆ ಸಿಗುವುದು 21 ದಿನ. ಅಷ್ಟರಲ್ಲಿ ಅದು ತಿದ್ದಿದ ಮಾಹಿತಿಯನ್ನು ಬ್ಯೂರೋಗೆ, ಅಂದರೆ ಸಿಬಿಲ್‌ನಂತೆ ಸಾಲದ ದಾಖಲೆ ಇಡುವ ಸಂಸ್ಥೆಗೆ, ಕಳಿಸದಿದ್ದರೆ ಹಣ ಅದರ ತಲೆಗೆ; ಕಳಿಸಿದ ಮೇಲೂ ಬ್ಯೂರೋ ಕೂತಿದ್ದರೆ ಬ್ಯೂರೋ ತಲೆಗೆ. ಆ ಹಂಚಿಕೆ ಅವರೊಳಗಿನ ಮಾತು, ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ದೂರು ಇತ್ಯರ್ಥವಾದ 5 ಕೆಲಸದ ದಿನಗಳೊಳಗೆ ಹಣ ನಮ್ಮ ಖಾತೆಗೆ ಬೀಳಬೇಕು.

ಇಲ್ಲೇ ಒಂದು ಭ್ರಮೆ ಕಳೆದುಕೊಳ್ಳಬೇಕು. ಈ ನೂರು ರೂಪಾಯಿ ವಿಳಂಬಕ್ಕೆ ಮಾತ್ರ, ತಪ್ಪಿಗಲ್ಲ. ಎರಡು ವರ್ಷ ಸುಳ್ಳು ಬಾಕಿ ತೋರಿಸಿ, ದೂರು ಕೊಟ್ಟ 29ನೇ ದಿನ ತಿದ್ದಿದರೆ ಈ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ. ಹಾಗಾಗಿ ದೂರು ಕೊಡುವ ಮುಂಚಿನ ದಿನಗಳು ವ್ಯರ್ಥ. ತಪ್ಪು ಕಂಡ ದಿನವೇ ದೂರು ದಾಖಲಾಗಬೇಕು.

ಅದಕ್ಕೂ ಮೊದಲು ವರದಿ ಇಳಿಸಿಕೊಳ್ಳಿ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಬ್ಯೂರೋಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಸಾಲದ ಆ್ಯಪುಗಳು ತೋರಿಸುವ ಅಂಕದ ಚಿತ್ರ ಸಾಕ್ಷ್ಯಕ್ಕೆ ಸಾಲದು. ವರದಿಯ ಸಂಖ್ಯೆ, ತಾರೀಖು ಇರುವ ಪಿಡಿಎಫ್ ಬೇಕು. ನಾಲ್ಕರಲ್ಲೂ ಅದೇ ತಪ್ಪು ಇದ್ದರೆ ತಪ್ಪಿನ ಮೂಲವು ಸಾಲ ಕೊಟ್ಟವರ ದತ್ತಾಂಶದಲ್ಲಿದೆ ಎಂದರ್ಥ. ಒಂದರಲ್ಲಿ ಮಾತ್ರ ಇದ್ದರೆ ಬ್ಯೂರೋದವರೇ ಬೇರೆಯವರ ಸಾಲವನ್ನು ನಿಮ್ಮ ಕಡತಕ್ಕೆ ಅಂಟಿಸಿರುವ ಸಾಧ್ಯತೆ ಹೆಚ್ಚು. ಒಂದೇ ಹೆಸರು, ಒಂದೇ ಜನ್ಮದಿನಾಂಕ ಇದ್ದಾಗ ಹೀಗಾಗುತ್ತದೆ. ಮಾಡದ ಸಾಲಕ್ಕೆ ನೋ ಡ್ಯೂಸ್ ಪತ್ರ ಎಲ್ಲಿಂದ ತರುವುದು? ಆಗ ಸಾಲದ ಅರ್ಜಿ, ಕೆವೈಸಿ ಪ್ರತಿ, ಹಣ ಹೋದ ಖಾತೆಯ ಕೊನೆಯ 4 ಅಂಕಿ ಕೊಡಿ ಎಂದು ಸಾಲ ಕೊಟ್ಟವರನ್ನೇ ಕೇಳಬೇಕು. ನಿಮ್ಮ ಪಾನ್ ಬಳಸಿ ಯಾರೋ ಸಾಲ ಎತ್ತಿದ್ದರೆ ಮೊದಲು 1930ಕ್ಕೆ ಸೈಬರ್ ದೂರು, ಆಮೇಲೆ ಉಳಿದದ್ದು.

ದೂರನ್ನು ಎರಡು ಕಡೆ ಒಂದೇ ದಿನ ಕೊಟ್ಟೆ: ಸಾಲ ಕೊಟ್ಟವರ ದೂರು ವಿಭಾಗಕ್ಕೆ ಇಮೇಲ್, ಬ್ಯೂರೋದ ಜಾಲತಾಣದಲ್ಲಿ ತಕರಾರು. ಕಸ್ಟಮರ್ ಕೇರ್‌ಗೆ ಫೋನು ಮಾಡುವುದು ಬೇಡ ಎನ್ನುವುದಿಲ್ಲ, ಆದರೆ ದೂರು ಸಂಖ್ಯೆ ಎಸ್‌ಎಂಎಸ್‌ನಲ್ಲಿ ಬರದ ಕರೆ ನಡೆದೇ ಇಲ್ಲ ಎಂದುಕೊಳ್ಳಿ. ಬರಹ ಚಿಕ್ಕದಿರಲಿ. ಸಾಲದ ಖಾತೆ ಸಂಖ್ಯೆ, ವರದಿಯ ಸಂಖ್ಯೆ, ಯಾವ ಚೌಕದಲ್ಲಿ ಏನಿದೆ, ಏನಿರಬೇಕು, ಸಾಕ್ಷ್ಯ ಯಾವುದು, ಇಷ್ಟೇ. ನನ್ನದರಲ್ಲಿದ್ದ ವಾಕ್ಯ: 'ಬಾಕಿ ಮೊತ್ತ 590 ಎಂದಿದೆ, 0 ಆಗಬೇಕು, ಸ್ಥಿತಿ ಕ್ಲೋಸ್ಡ್ ಆಗಬೇಕು, ಮುಕ್ತಾಯದ ದಿನಾಂಕದ ನಂತರದ ಬಾಕಿ ದಿನಗಳನ್ನು ತೆಗೆಯಬೇಕು.' ಕೊನೆಯದನ್ನು ಬಿಟ್ಟರೆ ಖಾತೆ ಮುಚ್ಚಿದಂತೆ ಕಾಣುತ್ತದೆ, ಆದರೆ 36 ತಿಂಗಳ ಇತಿಹಾಸದಲ್ಲಿ ಕಲೆ ಉಳಿಯುತ್ತದೆ. ಹೊಸ ಬ್ಯಾಂಕಿನವರು ನೋಡುವುದು ಆ ಕಲೆಯನ್ನೇ.

'ನನ್ನ ಸ್ಕೋರ್ ಹೆಚ್ಚಿಸಿ' ಎಂದು ಬರೆಯಲೇಬಾರದು. ಸ್ಕೋರಿನ ಲೆಕ್ಕಾಚಾರದ ತಕರಾರು, ಸಾಲ ಕೊಡದ ಬ್ಯಾಂಕಿನ ತೀರ್ಮಾನದ ತಕರಾರು ದಿನಕ್ಕೆ ನೂರರ ಈ ಯೋಜನೆಯೊಳಗೆ ಬರುವುದಿಲ್ಲ. ಆ ಒಂದು ಪದ ಹಿಡಿದು ದೂರನ್ನು ಮುಚ್ಚಿಬಿಡುತ್ತಾರೆ. ಪರಿಹಾರ ಜಮೆಗೆ ಬ್ಯಾಂಕ್ ಖಾತೆ ಅಥವಾ ಯುಪಿಐ ಐಡಿಯನ್ನು ಮೊದಲ ದೂರಿನಲ್ಲೇ ಹಾಕಿ.

'ಹೋಗಲಿ, 590 ತಾನೆ, ಕಟ್ಟಿಬಿಡೋಣ' ಅನ್ನಿಸುವುದು ಸಹಜ. ಕಟ್ಟಿದರೆ ಬಾಕಿ ಇತ್ತು ಎಂದು ಒಪ್ಪಿದ ಹಾಗೆ. ವಸೂಲಿಯವರು ಅದನ್ನೇ 'ಸೆಟಲ್ಡ್', ಅಂದರೆ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು, ಎಂದು ವರದಿ ಮಾಡಿದರಂತೂ ಮೊದಲಿಗಿಂತ ಕೆಟ್ಟದು.

ಇನ್ನು ದಿನದ ಲೆಕ್ಕ. ಜೂನ್ 3ರಂದು ದೂರು ಕೊಟ್ಟರೆ 30ನೇ ದಿನ ಜುಲೈ 3. ಆಗಸ್ಟ್ 16ಕ್ಕೆ ಇತ್ಯರ್ಥವಾದರೆ ಜುಲೈ 4ರಿಂದ 31ರವರೆಗೆ 28, ಆಗಸ್ಟಿನ 16, ಒಟ್ಟು 44 ದಿನ, 4,400 ರೂಪಾಯಿ. ಈ ಲೆಕ್ಕವನ್ನು ಒಡೆಯುವ ಮೂರು ದಾರಿ ಸಾಲ ಕೊಟ್ಟವರ ಬಳಿ ಇವೆ. ಒಂದು, 25–28ನೇ ದಿನಕ್ಕೆ 'ಬ್ಯೂರೋಗೆ ಮಾಹಿತಿ ಕಳಿಸಿದ್ದೇವೆ' ಎಂದು ಉತ್ತರಿಸಿ ದೂರು ಮುಚ್ಚುವುದು. ಇದಕ್ಕೆ ಮದ್ದು 31ನೇ ದಿನದ ಹೊಸ ವರದಿ. ಅದರಲ್ಲಿ ತಪ್ಪು ಹಾಗೇ ಇದ್ದರೆ ಅವರ ಉತ್ತರ ತಾನಾಗಿ ಬಿದ್ದುಹೋಗುತ್ತದೆ. ಉಚಿತ ವರದಿ ಆಗಲೇ ಮುಗಿದಿದ್ದರೆ ದುಡ್ಡು ಕೊಟ್ಟಾದರೂ ತೆಗೆಯಿರಿ. ಎರಡು, ಜ್ಞಾಪಿಸಿದಾಗಲೆಲ್ಲ ಹೊಸ ದೂರು ಸಂಖ್ಯೆ ಕೊಟ್ಟು ಗಡಿಯಾರವನ್ನು ಮೊದಲಿಂದ ಓಡಿಸುವುದು. ಅದೇ ಇಮೇಲಿಗೇ ಮರುತ್ತರಿಸುತ್ತ, ಪ್ರತಿ ಸಲ ಮೊದಲ ಸಂಖ್ಯೆ, ಮೊದಲ ತಾರೀಖು ಬರೆದೆ. ಮೂರು, ವರದಿಯಲ್ಲಿ ತಾತ್ಕಾಲಿಕವಾಗಿ ಕಾಣುವ 'ತಕರಾರಿನಲ್ಲಿದೆ' ಎಂಬ ಗುರುತನ್ನೇ ತಿದ್ದುಪಡಿ ಎಂದು ತೋರಿಸುವುದು. ಅದು ತಿದ್ದುಪಡಿಯಲ್ಲ.

ಹಣ ಬರದಿದ್ದರೆ, ಇಲ್ಲವೇ ಕೊಡುವುದಿಲ್ಲ ಎಂದರೆ, ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರು ಜಾಲತಾಣದಲ್ಲಿ ಒಂಬುಡ್ಸ್‌ಮನ್‌ಗೆ, ಅಂದರೆ ಇಂಥ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರು. ಶುಲ್ಕವಿಲ್ಲ, ವಕೀಲರ ಮೂಲಕ ಕೊಡುವಂತಿಲ್ಲ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. 2021ರ ಒಂಬುಡ್ಸ್‌ಮನ್ ಯೋಜನೆಯ ಪ್ರಕಾರ ಮೊದಲು ಸಂಸ್ಥೆಗೆ ದೂರು ಕೊಟ್ಟು 30 ದಿನ ಕಾದಿರಬೇಕು ಅಥವಾ ಅದರ ಉತ್ತರ ತೃಪ್ತಿ ತಂದಿರಬಾರದು. ಆ ಯೋಜನೆಯಲ್ಲಿ ಉತ್ತರ ಬಂದ ಒಂದು ವರ್ಷದೊಳಗೆ ಸಲ್ಲಿಸಬೇಕಿತ್ತು; ಈಗಿನ ಗಡುವನ್ನು ಜಾಲತಾಣದಲ್ಲೇ ನೋಡಿಕೊಳ್ಳಿ. ಸಂಸ್ಥೆ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬರದ ಸಣ್ಣ ಕಂಪನಿಯಾದರೆ ದೂರು ರಿಸರ್ವ್ ಬ್ಯಾಂಕಿನ ಗ್ರಾಹಕ ಶಿಕ್ಷಣ ಮತ್ತು ರಕ್ಷಣಾ ಕೋಶಕ್ಕೆ ಹೋಗುತ್ತದೆ. ಫಾರಂನಲ್ಲಿ ಕೋರ್ಟಿನಲ್ಲಿ ಬಾಕಿ ಇದೆಯೇ, ವಕೀಲರ ಮೂಲಕವೇ ಎಂಬ ಪ್ರಶ್ನೆಗಳಿಗೆ ಗಡಿಬಿಡಿಯಲ್ಲಿ ಹೌದು ಒತ್ತಿದರೆ ದೂರು ಅಲ್ಲಿಗೇ ಮುಗಿಯಿತು. ಪರಿಹಾರದ ಮೊತ್ತದ ಜಾಗದಲ್ಲಿ 4,400 ಎಂದು ಬರೆದು, ದಿನದ ಲೆಕ್ಕದ ಒಂದು ಪುಟ, ಎರಡು ವರದಿ, ನೋ ಡ್ಯೂಸ್ ಪತ್ರ, ಇಮೇಲ್ ಸರಣಿ ಲಗತ್ತಿಸಬೇಕು. ಹದಿನೈದು ಕಡತ ಬೇಡ. ತಾರೀಖಿನ ಕ್ರಮದಲ್ಲಿ ಒಂದೇ ಪಿಡಿಎಫ್ ಸಾಕು.

ನಿಜವಾದ ನಷ್ಟ ಬೇರೆ ಇದ್ದರೆ ಅದನ್ನೂ ಇಲ್ಲೇ ಕೇಳಬಹುದು. 2021ರ ಒಂಬುಡ್ಸ್‌ಮನ್ ಯೋಜನೆಯಲ್ಲಿ ನಷ್ಟಕ್ಕೆ 20 ಲಕ್ಷದವರೆಗೆ, ಕಿರುಕುಳ ಮತ್ತು ಓಡಾಟಕ್ಕೆ ಪ್ರತ್ಯೇಕವಾಗಿ 1 ಲಕ್ಷದವರೆಗೆ ಅವಕಾಶವಿತ್ತು. ಆದರೆ 'ಮನಸ್ಸಿಗೆ ನೋವಾಯಿತು' ಎಂಬುದಕ್ಕೆ ಅಂಕಿಯ ತೂಕವಿಲ್ಲ. 30 ಲಕ್ಷದ ಗೃಹಸಾಲ, 20 ವರ್ಷ: ಬಡ್ಡಿ ಶೇ 8.5 ಇದ್ದರೆ ಕಂತು ಸುಮಾರು 26,035. ಶೇ 9 ಆದರೆ 26,992. ಈ ತಪ್ಪಿನಿಂದಲೇ ಅರ್ಧ ಶೇಕಡಾ ಹೆಚ್ಚು ಬಿತ್ತು ಎಂದು ಗೃಹಸಾಲ ಕೊಟ್ಟ ಬ್ಯಾಂಕಿನ ಪತ್ರ ಸಿಕ್ಕರೆ, ತಿಂಗಳಿಗೆ 957 ರೂಪಾಯಿಯಂತೆ ದರ ತಿದ್ದುವವರೆಗಿನ ತಿಂಗಳುಗಳನ್ನು ಎಣಿಸಿ ಕೇಳಬಹುದು. ಆ ಪತ್ರ ಪಡೆಯುವುದೇ ಕಷ್ಟದ ಭಾಗ. ಬಾಯಿಮಾತಿನಲ್ಲಿ 'ನಿಮ್ಮ ಸಿಬಿಲ್ ಸರಿಯಿಲ್ಲ' ಅನ್ನುವ ಮ್ಯಾನೇಜರು ಬರಹದಲ್ಲಿ ಏನೂ ಕೊಡುವುದಿಲ್ಲ. ಸಾಲ ತಿರಸ್ಕಾರದ ಕಾರಣವನ್ನು ಇಮೇಲಿನಲ್ಲಿ ಕೇಳಿ, ಉತ್ತರವೂ ಇಮೇಲಿನಲ್ಲೇ ಬರುವಂತೆ ನೋಡಿಕೊಳ್ಳಿ.

ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, ಎರಡು ವರ್ಷದೊಳಗೆ. ಆದರೆ ಅಲ್ಲಿ ಕೇಸು ಹಾಕಿದ ಮೇಲೆ ದಿನಕ್ಕೆ ನೂರರ ಯೋಜನೆಯೂ ಒಂಬುಡ್ಸ್‌ಮನ್ ದಾರಿಯೂ ಮುಚ್ಚಿಕೊಳ್ಳುತ್ತವೆ. ನೂರು ರೂಪಾಯಿಯ ಲೆಕ್ಕ ಮೊದಲು ಮುಗಿಸಿಕೊಳ್ಳುವುದೇ ಜಾಣತನ.

ಹಣ ಜಮೆಯಾದ ಮೇಲೆ ಎರಡು ತಿಂಗಳು ಬಿಟ್ಟು ನಾಲ್ಕೂ ವರದಿ ಮತ್ತೆ ತೆಗೆಯಿರಿ. ಸಾಲ ಕೊಟ್ಟವರು ಹದಿನೈದು ದಿನಕ್ಕೊಮ್ಮೆಯಾದರೂ ಬ್ಯೂರೋಗೆ ಮಾಹಿತಿ ಕಳಿಸಬೇಕೆಂಬ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತು. ಅವರ ಲೆಡ್ಜರಿನಲ್ಲಿ ಆ 590 ಅಳಿಯದೆ ಬ್ಯೂರೋದಲ್ಲಿ ಮಾತ್ರ ಅಳಿದಿದ್ದರೆ ಮುಂದಿನ ಸಲ ಕಳಿಸುವ ಮಾಹಿತಿಯಲ್ಲೇ ಅದು ವಾಪಸು ಬಂದು ಕೂರುತ್ತದೆ. ಬಂದರೆ ಹೊಸ ದೂರು, ಹೊಸ ಮೂವತ್ತು ದಿನ.